ದೊರೆಸಾನಿಯ ಬೆಲೆ

"ದೊರೆಸಾನೀನ ಮಾರ್ಬಿಡೋಣ ಕಣೋ. ಎಷ್ಟು ಬರತ್ತೆ, ವಿಚಾರಿಸಿ ಹೇಳು" ಎಂದು ನಮ್ಮ ಸೋದರತ್ತೆ ನನಗೆ ಹೇಳಿದ್ದು 2023ರ ಯುಗಾದಿಯ ಮಾರನೆಯ ವಾರ. ಅತ್ತೆಗೆ ಆಗ ಎಂಬತ್ತೈದು ನಡೆಯುತ್ತಿತ್ತು. ಮೈಸೂರಿನ ಅಗ್ರಹಾರದ ಹಳೆಯ ಮನೆಯ ಮಾರಾಟ ಮುಗಿದಿತ್ತು. ಅವರು ನಮ್ಮ ಮನೆಗೆ ಬಂದಿರಲು ಒಪ್ಪಿಕೊಂಡು, ಅಟ್ಟದ ಸಾಮಾನುಗಳನ್ನು ಒಂದೊಂದಾಗಿ ಇಳಿಸಿ ವಿಲೇವಾರಿ ಮಾಡುತ್ತಿದ್ದ ದಿನಗಳು. ಹಿತ್ತಾಳೆಯ ಹಂಡೆ ಕೊಳಗಗಳು ತೂಕಕ್ಕೆ ಹೋದವು. ಬೀಟೆಯ ಮಂಚ ಅಣ್ಣನ ಮನೆಗೆ ಹೋಯಿತು. ದೊರೆಸಾನಿ ಮಾತ್ರ ಹಳೆಯ ಪಂಚೆಯೊಂದನ್ನು ಸುತ್ತಿಕೊಂಡು ತಗಡಿನ ಟ್ರಂಕಿನಲ್ಲಿ ಮಲಗಿದ್ದಳು.

ದೊರೆಸಾನಿ ಎಂದರೆ ನಮ್ಮ ಮನೆಯ ಒಂದು ದಸರಾ ಗೊಂಬೆ. ಮೊಳಕ್ಕಿಂತ ಎರಡು ಬೆರಳು ಹೆಚ್ಚು ಎತ್ತರ. ಪಿಂಗಾಣಿಯ ಮುಖ, ನೀಲಿ ಗಾಜಿನ ಕಣ್ಣು, ಅರೆತೆರೆದ ಬಾಯಿಯೊಳಗೆ ಅಕ್ಕಿಕಾಳಿನಂಥ ನಾಲ್ಕು ಹಲ್ಲು. ಮಲಗಿಸಿದರೆ ಕಣ್ಣು ಮುಚ್ಚುತ್ತಿದ್ದಳು, ಎತ್ತಿದರೆ ತೆರೆಯುತ್ತಿದ್ದಳು. ನವರಾತ್ರಿಯ ಪಾಡ್ಯದಂದು ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಿಗೆ ಏರಿಸಿ, ಮಣ್ಣಿನ ಶೆಟ್ಟಿ ದಂಪತಿಯನ್ನು ಅಂಗಡಿಯಲ್ಲಿ ಕೂರಿಸಿ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದ ಮೇಲೆ ಕಡೆಯ ಮೆಟ್ಟಿಲಿನ ಬಲಮೂಲೆ ದೊರೆಸಾನಿಗೆ. "ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತ ಬರುತ್ತಿದ್ದ ಬೀದಿಯ ಮಕ್ಕಳು ಚರ್ಪಿಗೆ ಕೈಯೊಡ್ಡುವ ಮೊದಲು ಅವಳ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗುತ್ತಿರಲಿಲ್ಲ. ಹಣೆಗೆ ಕುಂಕುಮ, ಮೈಗೆ ಜರಿಯಂಚಿನ ಲಂಗ, ಬೆನ್ನ ಮೇಲೆ ಉದ್ದನೆಯ ಕಪ್ಪು ಜಡೆ. ನೀಲಿ ಕಣ್ಣಿಗೆ ಈ ವೇಷ ಹೊಂದುತ್ತದೆಯೇ ಎಂದು ನಾವು ಯಾರೂ ಕೇಳಿದವರಲ್ಲ.

ಅವಳ ಬಗ್ಗೆ ಮನೆಯಲ್ಲಿ ಒಂದು ಕಥೆ ಇತ್ತು. ನಮ್ಮ ಮುತ್ತಜ್ಜ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಅವರ ಕೈಬರಹಕ್ಕೆ ಮೆಚ್ಚಿ ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಮಗಳ ಗೊಂಬೆಯನ್ನೇ ಎತ್ತಿ ಕೊಟ್ಟುಬಿಟ್ಟರಂತೆ. ಚಿಕ್ಕಂದಿನಲ್ಲಿ ನಾನೂ ಈ ಕಥೆಯನ್ನು ಶಾಲೆಯಲ್ಲಿ ಹೇಳಿ ಬೀಗಿದ್ದೇನೆ. ಮುಂದೆ ಅದೇ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಇತಿಹಾಸ ಪಾಠ ಮಾಡಿದೆ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, 1940ರಲ್ಲಿ ಅವರ ನಂತರ ಪಟ್ಟಕ್ಕೆ ಬಂದವರು ತಮ್ಮನ ಮಗ ಜಯಚಾಮರಾಜ ಒಡೆಯರು ಎಂದು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆದೆ. ಆದರೂ ಆ ಹಲಗೆಯ ವಿಷಯವನ್ನು ಮನೆಯ ಗೊಂಬೆಯ ಹತ್ತಿರ ತಂದು ನೋಡಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಮನೆಯ ಕಥೆಗಳಿಗೆ ನಾವು ಬೇರೆಯೇ ಒಂದು ಪರೀಕ್ಷೆ ಇಟ್ಟುಕೊಂಡಿರುತ್ತೇವೆ, ಅದರಲ್ಲಿ ಎಲ್ಲ ಕಥೆಗಳೂ ಪಾಸು.

ಈ ಗೊಂಬೆ ಅತ್ತೆಯದು. ಅಜ್ಜಿ ಸಾಯುವ ಮುಂಚೆ ಎಲ್ಲರೆದುರು "ಇದು ಇವಳದು, ಯಾರೂ ಕೇಳಕೂಡದು" ಎಂದು ಹೇಳಿ ಕೊಟ್ಟಿದ್ದರು. ಅತ್ತೆಯದು ಎಂದು ಹೇಳಬಹುದಾದ ವಸ್ತು ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವರ ಎಡಗಾಲು ಸೊರಗಿತ್ತು. ಮದುವೆಯಾಗಲಿಲ್ಲ. ತಂದೆತಾಯಿಯನ್ನು ಕೊನೆತನಕ ನೋಡಿಕೊಂಡರು. ಹಪ್ಪಳ ಸಂಡಿಗೆ ಮಾಡಿ ಮಾರಿ ತಮ್ಮ ಕೈಖರ್ಚು ತಾವೇ ನಡೆಸಿದರು. ಅಣ್ಣತಮ್ಮಂದಿರು ಹಕ್ಕು ಬಿಡುಗಡೆಯ ಪತ್ರ ತಂದಾಗ ಓದದೆ ಸಹಿ ಹಾಕಿದರು. ಆ ಅಣ್ಣತಮ್ಮಂದಿರಲ್ಲಿ ನನ್ನ ತಂದೆಯೂ ಒಬ್ಬರು ಎಂಬುದನ್ನು ಇಲ್ಲಿ ಬರೆಯದಿದ್ದರೆ ಮುಂದಿನದನ್ನು ಬರೆಯುವ ಅಧಿಕಾರ ನನಗಿಲ್ಲ. ಅತ್ತೆ ಎಂದೂ ದೂರಲಿಲ್ಲ. "ನಂಗೇನೋ ಬಡತನ? ದೊರೆಸಾನಿ ಇದಾಳಲ್ಲ, ಅರಮನೆ ಬೊಂಬೆ" ಎಂದು ನಗುತ್ತಿದ್ದರು. ನಗುತ್ತ ಹೇಳಿದರೂ ಅವರು ಅದನ್ನು ನಂಬಿದ್ದರು.

ನಂಬಿಕೆಗೆ ಇನ್ನಷ್ಟು ಗಾಳಿ ಹಾಕಿದವನು ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗ. ಹಳೆಯ ಜರ್ಮನ್ ಗೊಂಬೆಯೊಂದು 2014ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 2,42,500 ಪೌಂಡಿಗೆ ಹೋಯಿತು ಎಂದು ಅವನು ಓದಿ ಹೇಳಿದ. ನಮ್ಮ ಹಣದಲ್ಲಿ ಎರಡು ಕೋಟಿ ರೂಪಾಯಿಗೂ ಮೇಲೆ. ಸುದ್ದಿ ನಿಜ. ಅದು ಹಬ್ಬಿದ ಎರಡೇ ದಿನಕ್ಕೆ, ಅತ್ತೆಯ ಔಷಧಿಯ ಖರ್ಚಿನ ಮಾತು ಬಂದಾಗ ಕಿವಿ ಕೇಳದಿದ್ದ ನೆಂಟರಿಗೆಲ್ಲ ದೊರೆಸಾನಿ "ಮನೆತನದ ಆಸ್ತಿ"ಯಾಗಿ ಕಂಡಳು. ಒಬ್ಬರಂತೂ ಬ್ಯಾಂಕ್ ಲಾಕರಿನಲ್ಲಿಡಿ ಎಂದು ಸಲಹೆ ಕೊಟ್ಟರು. ಅತ್ತೆ ಟ್ರಂಕನ್ನು ನನ್ನ ಕೈಗಿತ್ತು, "ನೀನು ಮೇಷ್ಟ್ರು. ಸರಿಯಾಗಿ ನೋಡಿ ಹೇಳು. ನಂಗೆ ಕೋಟಿ ಬೇಡ, ಸುಳ್ಳೂ ಬೇಡ" ಎಂದರು.

ಇಂಥ ಗೊಂಬೆಯ ಬೆಲೆ ತಿಳಿಯಬೇಕಾದರೆ ಮುಖ ನೋಡಿ ಪ್ರಯೋಜನವಿಲ್ಲ, ಕತ್ತಿನ ಹಿಂಭಾಗ ನೋಡಬೇಕು. ಕೂದಲಿನ ಅಂಚನ್ನು ಮೆಲ್ಲಗೆ ಎತ್ತಿದರೆ, ಒಳಗೆ ಒತ್ತಿದ ಅಕ್ಷರಗಳಿರುತ್ತವೆ. ದೊರೆಸಾನಿಯ ಜಡೆಯನ್ನು ಸರಿಸಿ ಭೂತಕನ್ನಡಿ ಹಿಡಿದೆ. ಮೇಲೆ 'ಅರ್ಮಾಂಡ್ ಮಾರ್ಸೆಯ್' ಎಂಬ ಹೆಸರು, ಅದರ ಕೆಳಗೆ 'ಜರ್ಮನಿ', ಅದರ ಕೆಳಗೆ 390, ಕೊನೆಯಲ್ಲಿ 'ಎ 3 ಎಂ'. ಅರವತ್ತು ವರ್ಷ ಅವಳ ಮುಖ ನೋಡಿದ್ದ ನನಗೆ ಅವಳ ಹೆಸರು ಗೊತ್ತಾದದ್ದು ಅಂದು.

ಈ ನಾಲ್ಕು ಸಾಲಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಜರ್ಮನಿಯ ನಡುಭಾಗದಲ್ಲಿ ಥುರಿಂಗಿಯಾ ಎಂಬ ಕಾಡುಬೆಟ್ಟಗಳ ಸೀಮೆಯುಂಟು. ಅಲ್ಲಿನ ಸೋನೆಬರ್ಗ್ ಪಟ್ಟಣ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪ್ರಪಂಚಕ್ಕೆಲ್ಲ ಆಟಿಕೆ ಕಳಿಸುವ ಊರಾಗಿತ್ತು. ಇಂದಿಗೂ ಅಲ್ಲಿ 1901ರಲ್ಲಿ ಸ್ಥಾಪನೆಯಾದ ಆಟಿಕೆಗಳ ವಸ್ತುಸಂಗ್ರಹಾಲಯವಿದೆ. ಮಾರ್ಸೆಯ್ ಹುಟ್ಟಿದ್ದು ರಷ್ಯಾದ ಚಕ್ರಾಧಿಪತ್ಯದಲ್ಲಿ, 1856ರಲ್ಲಿ. ಈ ಸೀಮೆಗೆ ಬಂದು ನೆಲೆಸಿ, 1885ರಲ್ಲಿ ಸೋನೆಬರ್ಗಿನ ಪಕ್ಕದ ಕೋಪೆಲ್ಸ್‌ಡಾರ್ಫಿನಲ್ಲಿ ಪಿಂಗಾಣಿ ಕಾರ್ಖಾನೆಯೊಂದನ್ನು ಕೊಂಡು, ಮುಂದೆ ಗೊಂಬೆಯ ತಲೆ ಮಾಡುವ ದೊಡ್ಡ ಉದ್ಯಮಿಯಾದ. 390 ಎಂಬುದು ಅಚ್ಚಿನ ಸಂಖ್ಯೆ. 3 ಎಂಬುದು ಅಳತೆಯ ಗುರುತು. ಇನ್ನು 'ಜರ್ಮನಿ' ಎಂಬ ಮಾತು ಅಲ್ಲಿ ಬಂದದ್ದು ಅಭಿಮಾನದಿಂದಲ್ಲ, ಕಾನೂನಿನ ಒತ್ತಾಯದಿಂದ. ಜರ್ಮನಿಯ ಅಗ್ಗದ ಮಾಲು ತಮ್ಮ ಮಾರುಕಟ್ಟೆ ಕೆಡಿಸುತ್ತಿದೆ ಎಂದು ಬ್ರಿಟಿಷರು 1887ರಲ್ಲಿ ವ್ಯಾಪಾರದ ಗುರುತುಗಳ ಕಾಯಿದೆ ಮಾಡಿದರು. 1889ರಲ್ಲಿ ಇಂಡಿಯಾಕ್ಕೂ ಅಂಥದೇ ಕಾಯಿದೆ ಬಂತು. ಅಮೆರಿಕದವರು 1890ರ ಸುಂಕದ ಕಾಯಿದೆಯಲ್ಲಿ, ಹೊರಗಿನ ಮಾಲಿನ ಮೇಲೆ ಅದು ಹುಟ್ಟಿದ ದೇಶದ ಹೆಸರಿರಲೇಬೇಕೆಂದರು. ಕೀಳು ಮಾಲು ಎಂದು ತೋರಿಸಲು ಹೊಡೆಸಿದ ಈ ಮುದ್ರೆಯೇ ಮುಂದೆ ಒಳ್ಳೆಯ ಮಾಲಿನ ಸಾಕ್ಷಿಯಾದದ್ದು ಚರಿತ್ರೆಯ ತಮಾಷೆಗಳಲ್ಲೊಂದು.

ತಲೆ ಕಾರ್ಖಾನೆಯದಾದರೂ ಗೊಂಬೆ ಪೂರ್ತಿಯಾಗುತ್ತಿದ್ದುದು ಮನೆಮನೆಗಳಲ್ಲಿ. ನೀರಾದ ಪಿಂಗಾಣಿ ಮಣ್ಣನ್ನು ಅಚ್ಚಿಗೆ ಸುರಿದು, ಹೆಚ್ಚಾದುದನ್ನು ಚೆಲ್ಲಿ, ಒಣಗಿಸಿ ಸುಡುತ್ತಿದ್ದರು. ಮೆರುಗು ಕೊಡುತ್ತಿರಲಿಲ್ಲ. ಅದಕ್ಕೇ ಆ ಮುಖಗಳಿಗೆ ಗಾಜಿನ ಹೊಳಪಿಲ್ಲ, ಚರ್ಮದ ಮಂದ ಕಾಂತಿಯಿದೆ. ಕೆನ್ನೆಗೆ ಕೆಂಪು, ಹುಬ್ಬಿಗೆ ಕಂದು ಹಚ್ಚಿ ಮತ್ತೆ ಸುಡಬೇಕು. ಗಾಜಿನ ಕಣ್ಣಿಗೆ ಅದೇ ಬೆಟ್ಟಗಳ ಲೌಷಾ ಎಂಬ ಊರು ಹೆಸರುವಾಸಿ. ಕಣ್ಣು ತಾನೇ ಮುಚ್ಚಲೆಂದು ಅದರ ಹಿಂದೆ ಒಂದು ಸೀಸದ ಗುಂಡು. ಕೈಕಾಲು ಮೈಗಳು ಮರದ ಹೊಟ್ಟು, ಕಾಗದ, ಅಂಟು ಕಲಸಿದ ಮುದ್ದೆಯಿಂದ. ಒಂದು ಮನೆಯವರು ಕೈಕಾಲು ಒತ್ತಿದರೆ ಇನ್ನೊಂದು ಮನೆಯವರು ಬಣ್ಣ ಹಾಕುವರು, ಮತ್ತೊಂದು ಮನೆಯಲ್ಲಿ ಅಂಗಿ ಹೊಲಿಯುವರು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಕೂತು ದುಡಿಯಬೇಕು, ಕ್ರಿಸ್‌ಮಸ್ ಹತ್ತಿರ ಬಂದರೆ ರಾತ್ರಿಯೂ. ಹೆಂಗಸರು ದೊಡ್ಡ ಬುಟ್ಟಿಗಳಲ್ಲಿ ತುಂಬಿ ಬೆನ್ನಿಗೆ ಹೊತ್ತು ಪಟ್ಟಣದ ಸಾಹುಕಾರನಿಗೆ ಒಪ್ಪಿಸಿ ಕೂಲಿ ತರುವರು. ನಮ್ಮ ಬೀಡಿ, ಊದುಬತ್ತಿಯ ಮನೆಗಳನ್ನು ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ. ಆಟವಾಡುವ ಮಕ್ಕಳಿಗಾಗಿ ಆಟವಾಡದ ಮಕ್ಕಳು ಮಾಡಿದ ಗೊಂಬೆಗಳು ಅವು.

ಇಷ್ಟು ತಿಳಿದು ಸಂತೋಷವಾಯಿತು. ಬೆಲೆಯ ವಿಷಯ ಮಾತ್ರ ಸಂತೋಷದ್ದಾಗಿರಲಿಲ್ಲ. ಎರಡು ಕೋಟಿಗೆ ಹೋದದ್ದೂ ಥುರಿಂಗಿಯಾದ ಗೊಂಬೆಯೇ, ಕೆಮ್ಮರ್ ಮತ್ತು ರೈನ್‌ಹಾರ್ಟ್ ಕಂಪನಿಯದು, 1909ರ ಸುಮಾರಿನದು, ಅಚ್ಚಿನ ಸಂಖ್ಯೆ 108. ಪ್ರಯೋಗಕ್ಕೆಂದು ಮಾಡಿ ಮುಂದುವರಿಸದೆ ಬಿಟ್ಟದ್ದರಿಂದ ಆ ಅಚ್ಚಿನ ಗೊಂಬೆ ಅದೊಂದೇ ಗೊತ್ತಿರುವುದು. ನಮ್ಮ 390 ಅದಕ್ಕೆ ತದ್ವಿರುದ್ಧ. ಹಲವು ದಶಕಗಳ ಕಾಲ ಲೆಕ್ಕವಿಲ್ಲದಷ್ಟು ತಯಾರಾಗಿ ಲೋಕದ ಮೂಲೆಮೂಲೆಗೆ ಹೋದ ಅಚ್ಚು ಅದು. ಹಳೆಯ ಗೊಂಬೆ ಕೂಡಿಸುವವರು ಮೊದಲು ಕೊಳ್ಳುವುದು ಇದನ್ನೇ, ಏಕೆಂದರೆ ಇದಕ್ಕಿಂತ ಸುಲಭವಾಗಿ ಸಿಗುವುದು, ಇದಕ್ಕಿಂತ ಅಗ್ಗವಾದದ್ದು ಆ ವರ್ಗದಲ್ಲಿ ಹೆಚ್ಚಿಲ್ಲ. ಯಾವ ಮಗುವಿನ ಕೈಗೂ ಸಿಗದೆ ಉಳಿದದ್ದಕ್ಕೆ ಕೋಟಿ, ಊರೂರಿನ ಮಕ್ಕಳು ಎತ್ತಿ ಆಡಿಸಿದ್ದಕ್ಕೆ ಕೆಲವು ಸಾವಿರ. ಹರಾಜಿನ ನ್ಯಾಯ ಅದು.

ಇನ್ನು ಉಳಿದದ್ದು ಅರಮನೆಯ ಕಥೆ. ಅದೊಂದು ನಿಲ್ಲುವಂತಿದ್ದರೆ ಬೆಲೆಯೂ ನಿಲ್ಲುತ್ತಿತ್ತು. ಬೆಂಗಳೂರಿನಲ್ಲಿ ಪರವಾನಗಿ ಪಡೆದು ಹಳೆಯ ವಸ್ತುಗಳ ವ್ಯಾಪಾರ ಮಾಡುವವರೊಬ್ಬರು ಫೋನಿನಲ್ಲಿ, "ಸಾರ್, ಅರಮನೇದು ಅನ್ನೋದಕ್ಕೆ ಒಂದು ಕಾಗದ ಇದ್ರೆ ತನ್ನಿ, ನಲವತ್ತು ಸಾವಿರದ ಮೇಲೆ ಮಾತಾಡೋಣ" ಎಂದಿದ್ದರು. ಕಾಗದ ಹುಡುಕಿಕೊಂಡು ಅಟ್ಟಕ್ಕೆ ಹತ್ತಿದೆ. ಮುತ್ತಜ್ಜನ ದಿನವಹಿ ಲೆಕ್ಕದ ಪುಸ್ತಕಗಳು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಂತೆಯೇ ಇದ್ದವು. ಕಥೆಯಲ್ಲಿ ಒಂದು ಮಾತು ಮಾತ್ರ ನಿಜ, ಅವರ ಕೈಬರಹ ಮೆಚ್ಚುವಂಥದೇ. ಮೂರು ದಿನ ಧೂಳು ಕುಡಿದ ಮೇಲೆ ದುಂದುಭಿ ಸಂವತ್ಸರದ ಪುಸ್ತಕದಲ್ಲಿ, ಭಾದ್ರಪದ ಮಾಸದ ಕೊನೆಯಲ್ಲಿ, ಆ ಸಾಲು ಸಿಕ್ಕಿತು:

"ಬೆಂಗಳೂರು ದಂಡು ಅಂಗಡಿಯಲ್ಲಿ ಪಿಂಗಾಣಿ ಬೊಂಬೆ 1ಕ್ಕೆ ರೂ. 3-8-0. ಹಬ್ಬಕ್ಕೆ ಬಂದ ಸೊಸೆಯ ಬಗ್ಗೆ."

ದುಂದುಭಿ ಎಂದರೆ 1922ನೆಯ ಇಸವಿ. ಮೂರೂವರೆ ರೂಪಾಯಿ. ಅದೇ ಪುಟದಲ್ಲಿ ಮನೆಗೆಲಸದವಳಿಗೆ ಕೊಟ್ಟ ತಿಂಗಳ ಸಂಬಳ ಎರಡು ರೂಪಾಯಿ ಎಂದಿದೆ. ಮುತ್ತಜ್ಜ ಜಿಪುಣರೆಂದೇ ಹೆಸರಾದವರು. ಅವರು ಒಂದು ಗೊಂಬೆಗೆ ಇಷ್ಟು ತೆತ್ತದ್ದು ಹೇಗೆ ಎಂದು ಯೋಚಿಸುತ್ತ ಕೂತವನಿಗೆ 'ಸೊಸೆ' ಎಂಬ ಮಾತು ಆಗ ಹೊಳೆಯಿತು. ಅವರ ಒಬ್ಬಳೇ ಸೊಸೆ ಎಂದರೆ ನನ್ನ ಅಜ್ಜಿ. ಅಜ್ಜಿ ಹುಟ್ಟಿದ್ದು 1912ರಲ್ಲಿ.

ಹತ್ತು ವರ್ಷದ ಸೊಸೆ! ಮೈಸೂರು ಸಂಸ್ಥಾನ ಬಾಲ್ಯವಿವಾಹದ ಮೇಲೆ ಬ್ರಿಟಿಷ್ ಇಂಡಿಯಾಕ್ಕಿಂತ ಮೊದಲೇ, 1894ರಲ್ಲೇ, ಕಾನೂನು ಮಾಡಿತ್ತು ಎಂದು ನಾನು ಹುಡುಗರಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಕಾನೂನು ತಡೆದದ್ದು ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು. ಹೆಣ್ಣಿಗೆ ಹದಿನಾಲ್ಕು ಎಂದು ಶಾರದಾ ಕಾಯಿದೆ ಹೇಳಿದ್ದು 1929ರಲ್ಲಿ, ಅದೂ ಬ್ರಿಟಿಷ್ ಇಂಡಿಯಾಕ್ಕೆ. ಆದ್ದರಿಂದ 1922ರ ಮೈಸೂರಿನಲ್ಲಿ ಹತ್ತರ ಮದುವೆ ಕಾನೂನಿಗೂ ಸರಿ, ಅಗ್ರಹಾರಕ್ಕೂ ಸರಿ. ಹುಡುಗಿಯೊಬ್ಬಳಿಗೇ ಸರಿಹೋಗದೆ ಇದ್ದಿರಬೇಕು. ಜಿಪುಣ ಮಾವನವರು ಸರಕಾರಿ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ದಂಡಿನ ಅಂಗಡಿಗೆ ನಡೆದು ಗೊಂಬೆ ಕೊಂಡು ತಂದಿದ್ದಾರೆ.

ಆ ಅಂಗಡಿಗೆ ಅದು ಬಂದ ದಾರಿಯೂ ಸಾಮಾನ್ಯದ್ದಲ್ಲ. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದೊಡನೆ ಬ್ರಿಟಿಷ್ ಸಾಮ್ರಾಜ್ಯಕ್ಕೆ ಜರ್ಮನಿಯ ಮಾಲು ನಿಂತಿತು. ತೆರವಾದ ಜಾಗಕ್ಕೆ ಜಪಾನಿನವರು ಬಂದರು. ಅಲ್ಲಿನ ಮೊರಿಮುರಾ ಕಂಪನಿ ಜರ್ಮನ್ ಮುಖಗಳನ್ನೇ ಅನುಕರಿಸಿ ಪಿಂಗಾಣಿ ತಲೆ ಮಾಡಿ ಹೊರದೇಶಗಳಿಗೆ ಮಾರಿತು. ನಮ್ಮ ಮೈಸೂರಿನ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜರ್ಮನಿಯ ಮಿತ್ರರಾದ ತುರ್ಕರ ಮೇಲೆ ಏರಿಹೋದರು. ಅದಾಗಿ ನಾಲ್ಕೇ ವರ್ಷ. ಸೋತ ಜರ್ಮನಿಯಲ್ಲಿ ಮಾರ್ಕ್ ದಿನದಿನಕ್ಕೂ ಕುಸಿಯುತ್ತಿತ್ತು, ಅಲ್ಲಿನ ಮಾಲು ಹೊರಗಿನವರಿಗೆ ಅಗ್ಗವಾಗಿತ್ತು. ಆ ಕಾಲದಲ್ಲಿ ಈ ನೀಲಿ ಕಣ್ಣಿನ ಹುಡುಗಿ ಕಡಲು ದಾಟಿ ಬಂದು, ಸೀರೆ ಉಡಲು ಇನ್ನೂ ಬಾರದ ಒಬ್ಬ ಸೊಸೆಯ ಕೈ ಸೇರಿದಳು. ಮಗಳಿಲ್ಲದ ಮಹಾರಾಜರ ಮಗಳ ಗೊಂಬೆ ಎನ್ನುವುದಕ್ಕಿಂತ ಈ ಕಥೆ ನನಗೆ ದೊಡ್ಡದಾಗಿ ಕಂಡಿತು. ಆದರೆ ಈ ಕಾಗದ ತೋರಿಸಿದರೆ ನಲವತ್ತು ಸಾವಿರದ ಮಾತು ಅಲ್ಲಿಗೇ ನಿಲ್ಲುತ್ತದೆ.

ಆ ಸಾಲು ಇನ್ನೊಂದು ಬಾಗಿಲನ್ನೂ ಮುಚ್ಚಿತು. ನಮ್ಮ ದೇಶದಲ್ಲಿ ಪುರಾತನ ವಸ್ತುಗಳ ಬಗ್ಗೆ 1972ರ ಕಾಯಿದೆಯಿದೆ, 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಕಲೆ ಕುಶಲತೆಯ ವಸ್ತು ಆ ಕಾಯಿದೆಯ ಕಣ್ಣಿನಲ್ಲಿ ಪುರಾತನ. ಅದನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಅನುಮಾನವಿದ್ದರೆ ಪುರಾತತ್ವ ಇಲಾಖೆಗೆ ತೋರಿಸಿ, ಪುರಾತನವಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು. ಅಚ್ಚಿನ ಸಂಖ್ಯೆಯಿಂದ ಇಸವಿ ಹೇಳಲಾಗದು. ಹೇಳಿದ್ದು ಮುತ್ತಜ್ಜನ ಒಂದು ಸಾಲು. 1922ರಿಂದ 2023ಕ್ಕೆ ನೂರಾ ಒಂದು. ಅಣ್ಣನ ಮಗ ಫೋನಿನಲ್ಲಿ ನಕ್ಕ. "ಚಿಕ್ಕಪ್ಪ, ಆ ಹಳೇ ಪುಸ್ತಕ ಯಾರಿಗೂ ತೋರಿಸ್ಬೇಡಿ. ಬಟ್ಟೆ ಮಧ್ಯೆ ಇಟ್ಕೊಂಡು ಬಂದ್ಬಿಡ್ತೀನಿ. ಯಾರು ಕೇಳ್ತಾರೆ?" ಯಾರೂ ಕೇಳುತ್ತಿರಲಿಲ್ಲ, ನಿಜ. ಮೂವತ್ತೆರಡು ವರ್ಷ ದಾಖಲೆಯೇ ಚರಿತ್ರೆಯ ಜೀವ ಎಂದು ಹೇಳಿಕೊಟ್ಟವನು ನನ್ನ ಕೈಗೆ ಸಿಕ್ಕಿದ ಒಂದೇ ಒಂದು ದಾಖಲೆಯನ್ನು ಮತ್ತೆ ಅಟ್ಟಕ್ಕೆ ಎಸೆಯಬೇಕೇ ಎಂದು ಕೇಳಿದೆ. ಅವನು ಮಾತು ಬದಲಿಸಿದ. ದೊಡ್ಡವನಂತೆ ಮಾತಾಡಿದೆನಾದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಬಿಟ್ಟುಕೊಟ್ಟದ್ದು ನನ್ನ ದುಡ್ಡಲ್ಲ, ಅತ್ತೆಯದು.

ಕೊನೆಗೆ ಟ್ರಂಕನ್ನೂ ದಿನವಹಿಯನ್ನೂ ಹೊತ್ತು ಬೆಂಗಳೂರಿನ ವ್ಯಾಪಾರಿಯ ಹತ್ತಿರ ಹೋದೆ. ವಯಸ್ಸಾದವರು, ಕೈ ಮೆತ್ತಗೆ. ಗೊಂಬೆಯನ್ನು ಟವೆಲಿನ ಮೇಲೆ ಮಲಗಿಸಿ ಒಂದೊಂದಾಗಿ ಹೇಳುತ್ತ ಹೋದರು. ಮೈ ಹಳೆಯದೇ. ಒಂದು ಬೆರಳು ಮುರಿದಿದೆ. ಕೈಕಾಲು ಹಿಡಿದಿಡುವ ರಬ್ಬರ್ ಹುರಿ ಹೋಗಿ, ಒಳಲಂಗದ ಲಾಡಿ ಕಟ್ಟಿದ್ದಾರೆ. ಬಟ್ಟೆ ಮೊದಲಿನದಲ್ಲ. ಕೂದಲೂ ಮೊದಲಿನದಲ್ಲ. ಹಣೆಯ ಕುಂಕುಮದ ಕಲೆ ಪೂರ್ತಿ ಹೋಗುವುದಿಲ್ಲ. ನಮ್ಮ ಮನೆಯವರು ಅವಳಿಗೆ ಮಾಡಿದ ಉಪಚಾರಗಳೆಲ್ಲ ಅಲ್ಲಿ ಕಳೆಯುವ ಲೆಕ್ಕಕ್ಕೆ ಹೋದವು. ದಿನವಹಿ ಓದಿ ಹೇಳಿದೆ. "ಹನ್ನೆರಡು ಸಾವಿರ" ಎಂದರು.

ಅನಂತರ ದೀಪ ಆರಿಸಿದರು. ಗೊಂಬೆಯ ಕೂದಲಿನ ಟೋಪಿಯನ್ನು ಎತ್ತಿ, ನೆತ್ತಿಯ ರಟ್ಟಿನ ಮುಚ್ಚಳ ತೆಗೆದು, ಬೆರಳಿನಷ್ಟು ದಪ್ಪದ ಟಾರ್ಚನ್ನು ತಲೆಯೊಳಗೆ ಇಳಿಸಿದರು. ದೊರೆಸಾನಿಯ ಮುಖ ಕತ್ತಲಲ್ಲಿ ಒಳಗಿನಿಂದ ಬೆಳಗಿತು, ಬಿಸಿಲಿಗೆ ಹಿಡಿದ ಕಿವಿಯ ಹಾಗೆ ಕೆಂಪಗೆ. ನೆತ್ತಿಯಂಚಿನಿಂದ ಎಡಗಿವಿಯ ಹಿಂದಿನವರೆಗೆ ಕೂದಲೆಳೆಯಷ್ಟು ಸಣ್ಣದೊಂದು ಕಪ್ಪು ಗೆರೆ.

"ಬಿರುಕು ಸಾರ್. ಎಂದೋ ಬಿದ್ದಿದೆ. ಐದು ಸಾವಿರ" ಎಂದರು.

ಎಂದು ಬಿದ್ದದ್ದು ಎಂಬುದು ನನಗೆ ಗೊತ್ತಿತ್ತು. 1965ರ ದಸರಾ, ಗೊಂಬೆಗಳನ್ನು ಎತ್ತಿಡುವ ದಿನ. ನನಗೆ ಏಳು ವರ್ಷ. ಯಾರೂ ಇಲ್ಲದಾಗ ದೊರೆಸಾನಿಯ ಕಣ್ಣು ಮುಚ್ಚಿಸಿ ತೆರೆಸುತ್ತಿದ್ದವನು ಕೈಜಾರಿ ಮೆಟ್ಟಿಲಿನ ಹಲಗೆಯ ಮೇಲೆ ಕೆಡವಿದೆ. ಹೊರಗೆ ಏನೂ ಕಾಣಲಿಲ್ಲ. ಪಂಚೆಯಲ್ಲಿ ಸುತ್ತಿ ಇಟ್ಟುಬಿಟ್ಟೆ. ಐವತ್ತೆಂಟು ವರ್ಷ ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

ಅತ್ತೆಯನ್ನು ಕೇಳದೆ ಮಾರುವುದಿಲ್ಲವೆಂದು ಹೇಳಿ ಮೈಸೂರಿಗೆ ವಾಪಸು ಬಂದೆ. ದಾರಿಯಲ್ಲಿ ಒಂದು ಯೋಚನೆ ಬಂತು. ಐದಕ್ಕೆ ನನ್ನ ಪಿಂಚಣಿಯ ನಲವತ್ತೈದು ಸೇರಿಸಿ ಐವತ್ತು ಸಾವಿರ ಅತ್ತೆಯ ಕೈಗಿಟ್ಟು, ಅರಮನೆಯ ಗೊಂಬೆಯೇ ಹೌದು ಎಂದುಬಿಟ್ಟರೆ? ಹಕ್ಕು ಬಿಡುಗಡೆ ಪತ್ರದ ಭಾರ ಸ್ವಲ್ಪವಾದರೂ ಇಳಿಯಬಹುದು. ರಾಮನಗರ ದಾಟುವವರೆಗೆ ಅದೇ ಸರಿ ಎನ್ನಿಸಿತ್ತು. ಮಂಡ್ಯ ದಾಟುವ ಹೊತ್ತಿಗೆ ಅತ್ತೆ ಹೇಳಿದ್ದ "ಸುಳ್ಳೂ ಬೇಡ" ನೆನಪಾಯಿತು. ಅವರ ಹೆಸರಿನಲ್ಲಿ ಅವರನ್ನು ಕೇಳದೆ ತೀರ್ಮಾನ ಮಾಡುವ ಕೆಲಸವನ್ನು ನಮ್ಮ ಮನೆಯ ಗಂಡಸರು ಅದುವರೆಗೆ ಮಾಡಿದ್ದು ಸಾಕಾಗಿತ್ತು.

ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಹೇಳಿದೆ. ಅಚ್ಚು, ಸೋನೆಬರ್ಗ್, ಕಾಯಿದೆ, ಐದು ಸಾವಿರ. ಅತ್ತೆ ಬತ್ತಿ ಹೊಸೆಯುತ್ತಲೇ ಕೇಳಿದರು. ದಿನವಹಿಯ ಸಾಲು ಓದಿದಾಗ ಕೈ ನಿಂತಿತು.

"ಇನ್ನೊಂದ್ಸಲ ಓದು."

ಓದಿದೆ.

"ಅಮ್ಮ ಅತ್ತಿರಬೇಕು ಕಣೋ, ತೌರಿಗೆ ಹೋಗ್ತೀನಿ ಅಂತ. ಸುಮ್ನಿರ್ಸೋಕೆ ತಂದಿದಾರೆ." ಸ್ವಲ್ಪ ಹೊತ್ತು ಬಿಟ್ಟು, "ಅರಮನೆ ಕಥೆ ಕಟ್ಟಿದ್ದೂ ಅಮ್ಮನೇ ಇರ್ಬೇಕು. ಹತ್ತು ವರ್ಷದ ಸೊಸೆ ಬೊಂಬೆ ಆಡ್ತಿದ್ಲು ಅಂತ ಹೇಗೆ ಹೇಳ್ಕೊಳ್ಳೋದು?" ಎಂದರು.

ಬಿರುಕಿನ ವಿಷಯ ಹೇಳಲು ಬಾಯಿ ತೆರೆದೆ. ಅತ್ತೆಯೇ ಮುಂದಾದರು. "ಅದು ನೀನು ಬೀಳಿಸಿದ್ದು. ಅರವತ್ತೈದರ ದಸರಾದಲ್ಲಿ. ಮಾರನೇ ವರ್ಷ ತೆಗೆದಾಗ ನೋಡ್ದೆ. ಅಣ್ಣನಿಗೆ ಗೊತ್ತಾದ್ರೆ ನಿನ್ನ ಚರ್ಮ ಸುಲೀತಿದ್ದ. ಅಮ್ಮನ ಚೌರಿ ಬಿಚ್ಚಿ, ಟೋಪಿ ಹೊಲಿದು ಹಾಕ್ದೆ. ಹಳೇ ಕೂದಲು ಹುಳ ತಿಂದಿತ್ತು, ಒಂದು ನೆವ ಸಿಕ್ತು." ಆ ಕಪ್ಪು ಜಡೆ ಅಜ್ಜಿಯ ಕೂದಲೆಂಬುದೂ, ಅದನ್ನು ಹೊಲಿದದ್ದು ನನ್ನನ್ನು ಕಾಯಲೆಂಬುದೂ ನನಗೆ ತಿಳಿದದ್ದು ಹೀಗೆ.

"ಮಾರೋದು ಬೇಡ ಬಿಡಿ ಅತ್ತೆ" ಎಂದೆ.

"ಯಾಕೆ ಬೇಡ? ಐದು ಸಾವಿರ ನಿಂಗೆ ಕಡಿಮೆ ಇರಬಹುದು. ನಂಗೆ ಕೆಲಸ ಇದೆ" ಎಂದರು. "ಕೂದಲು ಮಾತ್ರ ಕೊಡಲ್ಲ. ಅದು ಅವರಿಗೆ ಲೆಕ್ಕಕ್ಕಿಲ್ಲ ಅಂದ್ಯಲ್ಲ, ಹಾಗಾ�ದ್ರೆ ನಂಗಿರ್ಲಿ."

ಬೋಳುತಲೆಯ ದೊರೆಸಾನಿಯನ್ನು ವ್ಯಾಪಾರಿಗೆ ಒಪ್ಪಿಸಿದೆ. ಜೊತೆಗೆ ಒಂದು ಚೀಟಿ ಬರೆದಿದ್ದೆ. ಕೊಂಡ ವರ್ಷ, ಕೊಟ್ಟ ಬೆಲೆ, ಯಾರಿಗಾಗಿ, ಬಿರುಕು ಎಲ್ಲಿ, ಬೀಳಿಸಿದವರು ಯಾರು, ಎಲ್ಲ. ಅವರು ಓದಿ ತಲೆಯಾಡಿಸಿದರು. "ಸಾರ್, ಕೊಳ್ಳೋರು ಇಷ್ಟೆಲ್ಲ ಕೇಳಲ್ಲ. ಅರಮನೆ ಅನ್ನೋ ಮಾತೇ ಚೆನ್ನಾಗಿತ್ತು." ಚೀಟಿ ಇಟ್ಟುಕೊಂಡರೆ ಮಾತ್ರ ಗೊಂಬೆ ಎಂದೆ. ಟ್ರಂಕಿನೊಳಗೆ ಹಾಕಿಕೊಂಡರು. ಆಮೇಲೆ ಅದು ಅಲ್ಲೇ ಉಳಿಯಿತೋ, ಮಹಾರಾಜರಿಗೆ ಮತ್ತೊಮ್ಮೆ ಮಗಳು ಹುಟ್ಟಿದಳೋ, ನನಗೆ ತಿಳಿಯದು.

ಅತ್ತೆಯ ಕೆಲಸ ಏನೆಂದು ಗೊತ್ತಾದದ್ದು ಅಕ್ಟೋಬರಿನಲ್ಲಿ. ನಮ್ಮಲ್ಲಿ ಮದುವೆಯಾಗಿ ಹೋಗುವ ಹುಡುಗಿಗೆ ತವರಿನವರು ಪಟ್ಟದ ಗೊಂಬೆ ಕೊಡುತ್ತಾರೆ, ಮರದಲ್ಲಿ ಕೆತ್ತಿದ ರಾಜ ರಾಣಿ ಜೋಡಿ. ಅಜ್ಜಿಯ ಜೋಡಿ ಹಿರಿಯ ಸೊಸೆಯ ಪಾಲಿಗೆ ಹೋಗಿ ಈಗ ಅಣ್ಣನ ಮನೆಯಲ್ಲಿದೆ. ಅತ್ತೆಗೆ ಮದುವೆಯೂ ಇಲ್ಲ, ಪಟ್ಟದ ಗೊಂಬೆಯೂ ಇಲ್ಲ. ಎಂಬತ್ತೈದು ವರ್ಷ ಇತರರ ಪಟ್ಟದ ಗೊಂಬೆಗೆ ಅವರೇ ಸೀರೆ ಉಡಿಸಿ, ಪೇಟ ಕಟ್ಟಿ, ಆರತಿ ಎತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ನನ್ನನ್ನು ಆಟೋದಲ್ಲಿ ಅಂಗಡಿಗೆ ಕರೆದುಕೊಂಡು ಹೋಗಿ, ನಾಲ್ಕು ಜೋಡಿ ತೆಗೆಸಿ ನೋಡಿ, ಒಂದನ್ನು ಆರಿಸಿದರು. ಅಂಗಡಿಯ ಹುಡುಗ, "ಯಾರ ಮದುವೆಗೆ ಅಜ್ಜಿ?" ಎಂದು ಕೇಳಿದ.

"ನಂಗೇ ಕಣಪ್ಪ" ಎಂದರು ಅತ್ತೆ.

ಆ ವರ್ಷ ನಮ್ಮ ಮನೆಯ ಮೇಲಿನ ಮೆಟ್ಟಿಲಿನಲ್ಲಿ ಅತ್ತೆಯ ಜೋಡಿ ಕೂತಿತು. ಕಡೆಯ ಮೆಟ್ಟಿಲಿನ ಬಲಮೂಲೆಯಲ್ಲಿ ಅಜ್ಜಿಯ ಜಡೆ ಬೆಳ್ಳಿಯ ಕುಂಕುಮದ ಬಟ್ಟಲಿನ ಪಕ್ಕದಲ್ಲಿತ್ತು. ಪಾಡ್ಯದ ರಾತ್ರಿ ಅತ್ತೆ ಮುತ್ತಜ್ಜನ ದಿನವಹಿ ತರಿಸಿ, ಕೊನೆಯ ಖಾಲಿ ಹಾಳೆ ತೆಗೆಸಿ ನನ್ನಿಂದ ಬರೆಯಿಸಿದರು. ತಾವು ಹೇಳಿದ ಹಾಗೇ ಬರೆಯಬೇಕೆಂದು ತಾಕೀತು ಮಾಡಿದ್ದರಿಂದ ಒಂದು ಅಕ್ಷರವನ್ನೂ ತಿದ್ದಲಿಲ್ಲ:

"ಶೋಭಕೃತ್ ಸಂವತ್ಸರ, ಆಶ್ವಯುಜ ಶುದ್ಧ ಪಾಡ್ಯ. ಪಿಂಗಾಣಿ ಬೊಂಬೆ 1 ಮಾರಿ ಬಂದದ್ದು ರೂ. 5,000. ಪಟ್ಟದ ಬೊಂಬೆ ಜೋಡಿ 1ಕ್ಕೆ ರೂ. 3,800. ಆಟೋ ರೂ. 140. ಉಳಿಕೆ ರೂ. 1,060. ಸ್ವಂತದ ಬಗ್ಗೆ."